ರುಮಾಲಿನಲ್ಲಿ ಕಟ್ಟಿದ್ದು

ಭಾನುವಾರಗಳಂದು ನಾವು ಮೂವರು ಗುಡ್ಡಗಳಲ್ಲಿ ಏನು ಮಾಡುತ್ತಿದ್ದೆವು ಎಂದು ಕೇಳಿದರೆ ಸರಿಯಾದ ಉತ್ತರ ಆಗಲೂ ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ. ಗುಡ್ಡ ಹತ್ತುತ್ತೇವೆ ಎಂದರೆ ಕೇಳಿದವರು, ‘ಅಲ್ಲಿ ಯಾವ ದೇವರ ಗುಡಿ ಐತ್ರಿ?’ ಎನ್ನುತ್ತಿದ್ದರು. ಗುಡಿ ಇಲ್ಲ ಎಂದರೆ, ‘ದನ ಕಳಕೊಂಡೀರೇನು?’ ದನವೂ ಅಲ್ಲ ಎಂದಾಗ ಅವರ ಮುಖದಲ್ಲಿ ಒಂದು ಕಳ್ಳ ನಗೆ ಮೂಡುತ್ತಿತ್ತು. ಹಂಪಿಯ ಸುತ್ತ ಹಗ್ಗ, ಕೊಡಲಿ ಹಿಡಿದು ಗುಡ್ಡ ಹತ್ತುವವರು ನಿಧಿಗಳ್ಳರೇ ಎಂದು ಹೊಸಪೇಟೆಯ ಕೂಸಿಗೂ ಗೊತ್ತಿತ್ತು. ನಾವು ಅವರಲ್ಲ ಎಂದು ಆಣೆ ಮಾಡಿದಷ್ಟೂ ಅನುಮಾನ ಗಟ್ಟಿಯಾಗುತ್ತಿತ್ತು. ಕೊನೆಗೆ ನಾನು ಸಿಟ್ಟಿಗೆದ್ದು, ‘ಹೌದ್ರಿ, ಎರಡು ಕೊಪ್ಪರಿಗಿ ಸಿಕ್ಕಾವು, ಮೂರನೇದಕ್ಕ ಹೊಂಟೀವಿ’ ಎಂದುಬಿಡುತ್ತಿದ್ದೆ. ಅದನ್ನು ಮಾತ್ರ ಎಲ್ಲರೂ ತಕ್ಷಣ ನಂಬುತ್ತಿದ್ದರು.

ಇದಕ್ಕೆಲ್ಲ ಮೂಲ ಹೊಸಪೇಟೆಯ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಮಾಸ್ತರು. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ, ಉತ್ಸಾಹ ಮಾತ್ರ ಎರಡು ಆಳಿನದು. ಸಂಡೂರು ಸಂಸ್ಥಾನದ ಮ್ಯಾಂಗನೀಸ್ ಗಣಿಯಲ್ಲಿದ್ದ ಪರದೇಶದ ಎಂಜಿನಿಯರ್ ಒಬ್ಬ ತನ್ನ ದೇಶಕ್ಕೆ ಮರಳುವಾಗ ಸಾಮಾನುಗಳನ್ನು ಅವರಿವರಿಗೆ ಹಂಚಿಹೋದ. ಮಾಸ್ತರಿಗೆ ಬಂದದ್ದು ಒಂದು ದಪ್ಪ ಪುಸ್ತಕ. ಆಲ್ಪ್ಸ್ ಎಂಬ ಪರ್ವತಗಳನ್ನು ಹತ್ತುವವರ ಚಿತ್ರಗಳು ಅದರ ತುಂಬ ಇದ್ದವು. ಕಷ್ಟವೆಂದರೆ ಪುಸ್ತಕ ಇಂಗ್ಲಿಷಿನಲ್ಲಿರಲಿಲ್ಲ. ಯಾವ ಭಾಷೆ ಎಂದು ಕೇಳಿದರೆ ಮಾಸ್ತರು ಒಂದು ದಿನ ಫ್ರೆಂಚ್ ಎನ್ನುತ್ತಿದ್ದರು, ಇನ್ನೊಂದು ದಿನ ಜರ್ಮನ್ ಎನ್ನುತ್ತಿದ್ದರು. ಹೀಗಾಗಿ ಪರ್ವತಾರೋಹಣವನ್ನು ನಾವು ಕಲಿತದ್ದು ಪೂರ್ತಿ ಚಿತ್ರ ನೋಡಿ.

ಎರಡನೆಯವನು ನನ್ನ ಗೆಳೆಯ. ಹೊಸಪೇಟೆಯ ಪೇಟೆಬೀದಿಯಲ್ಲಿ ಅವನ ತಂದೆಯ ಬಟ್ಟೆ ಅಂಗಡಿ ಇತ್ತು. ಎತ್ತರದ ಆಳು, ಮಾತು ಕಡಿಮೆ, ಶಿವಪೂಜೆಯಲ್ಲಿ ಭಾಳ ಕಟ್ಟುನಿಟ್ಟು. ಮೂರನೆಯವನು ನಾನು, ಕಂಪ್ಲಿಯ ಅಕ್ಕಿ ಗಿರಣಿಯವರ ಎರಡನೇ ಮಗ. ಗಿರಣಿಯ ಕೆಲಸ ಅಣ್ಣ ನೋಡಿಕೊಳ್ಳುತ್ತಿದ್ದರಿಂದ ನನಗೆ ಇದ್ದ ಕೆಲಸವೆಂದರೆ ಧೂಳು ಕುಡಿಯುವುದು ಮತ್ತು ಬೈಸಿಕೊಳ್ಳುವುದು. ಶನಿವಾರ ಬಂತೆಂದರೆ ಏನಾದರೊಂದು ನೆಪ ಹೇಳಿ ಹೊಸಪೇಟೆಯ ಬಸ್ಸು ಹಿಡಿದು ಗೆಳೆಯನ ಮನೆಯಲ್ಲಿ ಉಳಿಯುತ್ತಿದ್ದೆ. ನನಗೆ ಗುಡ್ಡದ ಮೇಲೆ ಪ್ರೀತಿ ಇತ್ತೋ, ಗಿರಣಿಯ ಮೇಲೆ ಸಿಟ್ಟಿತ್ತೋ, ಅದನ್ನು ಬೇರೆಬೇರೆ ಮಾಡಿ ನೋಡಲು ಆಗ ನನ್ನಿಂದಾಗಲಿಲ್ಲ.

ಚಿತ್ರಗಳಲ್ಲಿ ಎಲ್ಲರೂ ಉಣ್ಣೆ ಟೋಪಿ ಹಾಕಿದ್ದರು. ಮಾಸ್ತರು ನಮಗೂ ಕಂಬಳಿ ಹೊದೆಯಲು ಹೇಳಿದರು. ಬಳ್ಳಾರಿ ಸೀಮೆಯ ಬಿಸಿಲಲ್ಲಿ ಕಂಬಳಿ ಹೊದ್ದು ಜಂಬುನಾಥನ ಗುಡ್ಡದ ಪಕ್ಕದ ಬಂಡೆ ಹತ್ತಿದ ಮೊದಲ ಭಾನುವಾರವನ್ನು ನನ್ನ ಬೆನ್ನು ಇನ್ನೂ ಮರೆತಿಲ್ಲ. ಚಿತ್ರಗಳಲ್ಲಿ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದರು. ನಾವೂ ಕಟ್ಟಿಕೊಂಡೆವು. ಯಾಕೆ ಕಟ್ಟಿಕೊಳ್ಳಬೇಕು, ಯಾವಾಗ ಬಿಚ್ಚಬೇಕು ಎನ್ನುವುದು ಆ ತಿಳಿಯದ ಭಾಷೆಯಲ್ಲಿ ಉಳಿದುಹೋಯಿತು. ಸಂಡೂರಿನ ಕಾಡಿನೊಳಗೆ ಸಪಾಟು ದಾರಿಯಲ್ಲೂ ಕಟ್ಟಿಕೊಂಡೇ ನಡೆದೆವು. ಒಂದು ಮರ ಬಂದರೆ ಮಾಸ್ತರು ಎಡಕ್ಕೆ, ಗೆಳೆಯ ಬಲಕ್ಕೆ, ನಾನು ಮರಕ್ಕೆ. ಅಲ್ಲಿಯ ಫಾರೆಸ್ಟ್ ಗಾರ್ಡ್ ನಮ್ಮನ್ನು ತುಂಬ ಹೊತ್ತು ನೋಡಿ, ‘ಯಾರನ್ನ ಯಾರು ಹಿಡಕೊಂಡು ಹೊಂಟೀರಿ?’ ಎಂದು ಕೇಳಿದ. ಕಳ್ಳ ಯಾರು, ಪೊಲೀಸ್ ಯಾರು ಎಂದು ಅವನಿಗೆ ಗೊತ್ತಾಗಿರಲಿಲ್ಲ. ನಾವು ನಕ್ಕು ನಕ್ಕು ಅಲ್ಲೇ ಕುಸಿದು ಕೂತೆವು, ಅವನನ್ನೂ ಕೂರಿಸಿಕೊಂಡು ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದೆವು. ಅಂಥ ಸುಖದ ಊಟ ಮನೆಯಲ್ಲಿ ಎಂದೂ ಸಿಗಲಿಲ್ಲ. ಮಾಸ್ತರು, ಗೆಳೆಯ ಇಬ್ಬರೂ ನನಗೆ ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚಾಗಿದ್ದರು.

ಹಗ್ಗದ ವಿಷಯ ಒಂದಿಷ್ಟು ಹೇಳಬೇಕು, ಯಾಕೆಂದರೆ ಎಲ್ಲವೂ ಕೆಟ್ಟದ್ದು ಅಲ್ಲಿಂದ. ಮೊದಲು ತಂದ ನಾರಿನ ಹಗ್ಗ ಸವೆದಿತ್ತು. ಹೊಸದಾಗಿ ಮಾಸ್ತರು ಕಮಲಾಪುರದ ಒಬ್ಬ ರೈತನಿಂದ ಕಪಿಲೆ ಬಾವಿಯ ಹಗ್ಗ ತಂದರು. ಎತ್ತು ಕಟ್ಟಿ, ತೊಗಲಿನ ಚೀಲದಲ್ಲಿ ನೀರು ಎತ್ತುವ ಬಾವಿಯದು. ಗಟ್ಟಿಮುಟ್ಟು ಹಗ್ಗ, ಆದರೆ ವರ್ಷಗಟ್ಟಲೆ ತೊಗಲಿಗೆ ತಾಗಿದ್ದು. ಚಿತ್ರದ ಪ್ರಕಾರ ಅದನ್ನು ಕಂಕುಳ ಕೆಳಗಿಂದ ಎದೆಗೆ ಸುತ್ತಿ ಗಂಟು ಹಾಕಬೇಕು. ಆಲ್ಪ್ಸ್‌ನವರ ಎದೆಯ ಮೇಲೆ ಏನೂ ಇರಲಿಲ್ಲ. ನನ್ನ ಮತ್ತು ಗೆಳೆಯನ ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ.

ನಾನು ಕರಡಿಗೆಯನ್ನು ಪಕ್ಕೆಗೆ ಸರಿಸಿ ಹಗ್ಗ ಸುತ್ತಿಕೊಂಡೆ. ಗೆಳೆಯ ಒಪ್ಪಲಿಲ್ಲ. ‘ತೊಗಲು ಮುಟ್ಟಿದ ಹಗ್ಗ ಲಿಂಗಕ್ಕ ತಾಗಬಾರದು’ ಎಂದು ಕರಡಿಗೆಯಿಂದ ಲಿಂಗ ತೆಗೆದು ಕೆಂಪು ಬಟ್ಟೆಯಲ್ಲಿ ಸುತ್ತಿ, ತನ್ನ ರುಮಾಲಿನ ಮಡಿಕೆಯಲ್ಲಿ ಭದ್ರವಾಗಿ ಸಿಕ್ಕಿಸಿ ತಲೆಗೆ ಸುತ್ತಿದ. ಅದರಲ್ಲಿ ತಪ್ಪೇನಿಲ್ಲ. ತಲೆಯ ಮೇಲೆ ಲಿಂಗ ಧರಿಸುವ ಹಿರಿಯರು ನಮ್ಮಲ್ಲಿದ್ದರು. ಮೈಮೇಲೆ ಇರಬೇಕು, ಅಷ್ಟೆ. ಮೈಯಿಂದ ದೂರವಾದರೆ ಅದು ಮರಳಿ ಸಿಗುವತನಕ ಅನ್ನವಿಲ್ಲ, ನೀರೂ ಇಲ್ಲ. ನಮ್ಮ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಹಾಗೆ ಪ್ರಾಣ ಬಿಟ್ಟವರೂ ಇದ್ದರು. ನಾನು ಅವನ್ನು ಕಥೆ ಎಂದೇ ಕೇಳಿದ್ದೆ.

ಬೇಸಿಗೆಯ ಒಂದು ಭಾನುವಾರ. ಕಮಲಾಪುರದ ಕೆರೆಯಾಚೆ ಬಂಡೆಗಳನ್ನೇ ಪೇರಿಸಿದಂತಿರುವ ಒಂದು ಗುಡ್ಡವಿದೆ. ಅದರ ನೆತ್ತಿಗೆ ಹೋಗಲು ಎರಡು ಬಂಡೆಗಳ ನಡುವಿನ ನೆಟ್ಟಗಿನ ಸಂದಿಯಲ್ಲಿ ಬೆನ್ನು ಒಂದು ಕಡೆ, ಕಾಲು ಒಂದು ಕಡೆ ಒತ್ತಿ ಏರಬೇಕು. ಮೊದಲು ಮಾಸ್ತರು ಹತ್ತಿ ಮೇಲಿನ ಬಂಡೆಯ ಆಚೆ ಹೋದರು. ನಂತರ ಗೆಳೆಯ ಹತ್ತಿ ಸಂದಿಯ ಬಾಯಿಯಲ್ಲಿ ಕೂತ. ಕೊನೆಗೆ ನಾನು. ಅರ್ಧ ಏರಿದ್ದೆ. ಮುಂದೆ ಆದದ್ದನ್ನು ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ, ಯಾವುದು ಆದದ್ದು ಯಾವುದು ನಾನು ಸೇರಿಸಿದ್ದು ಎಂದು ಈಗ ನನಗೇ ಗೊಂದಲ. ಹಗ್ಗ ಯಾವುದೋ ಬಿರುಕಿನಲ್ಲಿ ಸಿಕ್ಕಿ ಮೇಲೆ ಎಳೆದರೆ ಬರದಾಯಿತು. ಅದು ಖಂಡಿತ. ಕೆಳಗೆ ನೋಡಿದೆ, ಅದೂ ಖಂಡಿತ. ನೋಡಬಾರದಿತ್ತು.

‘ಬಿದ್ನೋ! ಸತ್ನೋ! ಹಿಡೀಲೇ!’ ಎಂದು ಕೂಗಿದೆ.

ಹಾಗೆ ಕೂಗುವಾಗ ನನ್ನ ಬಲಗಾಲು ಅಂಗೈಯಗಲದ ಗಟ್ಟಿ ಕಲ್ಲಿನ ಮೇಲಿತ್ತು. ಅಲ್ಲಿ ನಿಂತು ಬೇಕಾದರೆ ಎಲೆಯಡಿಕೆ ಹಾಕಿಕೊಳ್ಳಬಹುದಿತ್ತು. ಅದು ನನಗೆ ಆಗಲೇ ಗೊತ್ತಿತ್ತೇ? ಗೊತ್ತಿತ್ತು ಎಂದುಕೊಳ್ಳುತ್ತೇನೆ. ಗೊತ್ತಿದ್ದೂ ಯಾಕೆ ಕೂಗಿದೆ ಎಂದರೆ ಹೆದರಿದ್ದೆ, ಅಷ್ಟೆ. ಯಾರಾದರೂ ನನ್ನನ್ನು ಹಿಡಿಯಲಿ ಎನ್ನಿಸಿತ್ತು.

ಗೆಳೆಯ ಒಂದು ಕ್ಷಣ ಬಗ್ಗಿ ನೋಡಿದ. ಹಗ್ಗ ಬರದು ಎಂದು ತಿಳಿದು ತಲೆಯ ರುಮಾಲು ಸರಸರನೆ ಬಿಚ್ಚಿ, ಒಂದು ತುದಿ ತನ್ನ ಕೈಗೆ ಸುತ್ತಿಕೊಂಡು ಇನ್ನೊಂದನ್ನು ನನ್ನ ಕಡೆ ಎಸೆದ. ಏನೋ ಸಣ್ಣದು ನನ್ನ ಭುಜಕ್ಕೆ ತಾಗಿ ಕೆಳಗೆ ಹೋಯಿತು. ಅದು ಕಲ್ಲಿಗೆ ಬಡಿದ ಸದ್ದು ಎರಡು ಸಲ, ಮೂರು ಸಲ ಬಂತು, ಆಮೇಲೆ ಇಲ್ಲ. ಹರಳು ಎಂದುಕೊಂಡೆ. ರುಮಾಲು ಹಿಡಿದು ಮೇಲೆ ಬಂದು ಅವನ ಪಕ್ಕ ಬಿದ್ದುಕೊಂಡು ಏದುಸಿರು ಬಿಡುತ್ತ ನಕ್ಕೆ. ಅವನು ನಗಲಿಲ್ಲ. ರುಮಾಲನ್ನು ಎರಡೂ ಕೈಯಲ್ಲಿ ಮೊಳ ಮೊಳ ಸರಿಸುತ್ತ ಮುಟ್ಟಿ ನೋಡುತ್ತಿದ್ದ. ಕೊನೆಯ ತುದಿ ಬಂದಾಗ ಮತ್ತೆ ಮೊದಲಿನಿಂದ ಶುರು ಮಾಡಿದ. ನನ್ನ ಭುಜಕ್ಕೆ ತಾಗಿ ಹೋದದ್ದು ಹರಳಲ್ಲ, ಅವನ ಲಿಂಗ ಎಂದು ಆಗ ತಿಳಿಯಿತು.

ಮಾಸ್ತರು ಬಂದರು. ವಿಷಯ ಕೇಳಿ ಅವರಿಗೂ ದಿಕ್ಕು ತೋಚಲಿಲ್ಲ. ಬಂಡೆಗಳ ಬುಡದಲ್ಲಿ ಬಾವಿಯಂಥ ಪೊಟರೆಗಳು, ಒಂದರೊಳಗೆ ಒಂದು. ಮೂವರೂ ಇಳಿದು ಹುಡುಕಿದೆವು. ಮಾಸ್ತರು ಕೋಲಿನಿಂದ ಒಣ ಎಲೆ ಕೆದಕುತ್ತ, ಚಿತ್ರಪುಸ್ತಕದಲ್ಲಿ ಹೀಗೆಯೇ ಮೂವರು ಒಂದು ಬಿರುಕಿಗೆ ಬಗ್ಗಿ ನೋಡುವ ಚಿತ್ರ ಇದೆ, ಆದರೆ ಅವರು ಏನು ಹುಡುಕುತ್ತಿದ್ದರೋ ತಿಳಿಯದು ಎಂದರು. ನನಗೆ ಅವರನ್ನು ಹೊಡೆಯಬೇಕೆನ್ನಿಸಿತು. ಬಿಸಿಲು ನೆತ್ತಿಗೆ ಬಂತು. ಬಂಡೆಗಳು ಕಾದ ಹಂಚಾದವು. ನಾನೂ ಮಾಸ್ತರೂ ಎರಡೆರಡು ಸಲ ನೀರು ಕುಡಿದೆವು. ಗೆಳೆಯ ಮುಟ್ಟಲಿಲ್ಲ.

‘ಒಂದು ಗುಟುಕು ಕುಡೀರಿ. ನೀರಿಗೇನು ಮೈಲಿಗಿ?’ ಎಂದರು ಮಾಸ್ತರು.

‘ಬ್ಯಾಡ್ರಿ. ಅದು ಸಿಗಲಿ.’

‘ಗುಡ್ಡ ಇಳಿದು ನೆರಳಿಗರ ಹೋಗೋಣು.’

‘ಬಿಟ್ಟು ಇಳಿಯಂಗಿಲ್ರಿ.’

ಇಳಿಹೊತ್ತಿನ ವೇಳೆಗೆ ಅವನ ತುಟಿ ಬಿಳಚಿ ಸೀಳಿತ್ತು. ಎರಡು ಸಲ ಬರೀ ಹೊಟ್ಟೆಯಲ್ಲಿ ಓಕರಿಸಿದ. ಆಮೇಲೆ ಬಂಡೆಗೆ ಒರಗಿ ಕೂತವನು ಏಳಲಿಲ್ಲ. ಕಣ್ಣು ತೆರೆದಿದ್ದರೂ ನಮ್ಮನ್ನು ನೋಡುತ್ತಿರಲಿಲ್ಲ. ಮಾಸ್ತರು ಊರಿನಿಂದ ಜನ ಕರೆತರುತ್ತೇನೆ ಎಂದು ಹೊರಟರು, ನಾಲ್ಕು ಹೆಜ್ಜೆ ಹೋಗಿ ವಾಪಸು ಬಂದರು. ‘ನಿಮ್ಮೊಬ್ಬರನ್ನ ಬಿಟ್ಟು ಹೆಂಗ ಹೋಗ್ಲಿ’ ಎಂದು ನನಗೆ ಹೇಳಿದರು. ಗೆಳೆಯನನ್ನು ಅವರು ಆಗಲೇ ಲೆಕ್ಕದಿಂದ ಬಿಟ್ಟಿದ್ದರು.

ಅಜ್ಜಿಯ ಕಥೆಯಲ್ಲಿ ಸತ್ತವರು ಸಾಯುವ ಮೊದಲು ಹೀಗೆಯೇ ಕಂಡಿರಬೇಕು. ನನ್ನ ಕೂಗಿನಿಂದ ಒಬ್ಬ ಮನುಷ್ಯ ನನ್ನ ಕಣ್ಣೆದುರು ಒಣಗಿ ಸಾಯುತ್ತಿದ್ದ. ಮತ್ತೆ ಪೊಟರೆಯೊಳಗೆ ಇಳಿದೆ. ಹೊಟ್ಟೆ ಎಳೆದುಕೊಂಡು ಇನ್ನೂ ಒಳಗಿನದಕ್ಕೆ ತೂರಿದೆ. ಕತ್ತಲು, ಬಾವಲಿಯ ನಾತ. ಕೈಗೆ ಸಿಕ್ಕಿದ್ದೆಲ್ಲ ಮಣ್ಣು, ಎಲೆ, ಮುಳ್ಳುಹಂದಿಯ ಒಂದು ಮುಳ್ಳು. ಅಲ್ಲಿ ಕೂತು ಅತ್ತೆ. ಅಳುತ್ತ ಕೈ ತಾನಾಗಿ ನನ್ನ ಪಕ್ಕೆಯ ಕರಡಿಗೆಗೆ ಹೋಯಿತು. ಪ್ರಾರ್ಥಿಸಲು ಹೋಯಿತೋ, ಬೇರೆ ಉದ್ದೇಶಕ್ಕೆ ಹೋಯಿತೋ ನನಗೆ ಗೊತ್ತಿಲ್ಲ. ಕರಡಿಗೆ ತೆರೆದೆ. ನನ್ನ ಲಿಂಗವನ್ನು ಹೊರಗೆ ತೆಗೆದೆ. ಕಪ್ಪಗೆ, ನುಣ್ಣಗೆ, ಅವನದರಂತೆಯೇ. ಅದಕ್ಕೆ ಸ್ವಲ್ಪ ಮಣ್ಣು ಸವರಿದೆ.

‘ಸಿಕ್ತು!’ ಎಂದು ಕೂಗಿದೆ. ಆ ದಿನದ ನನ್ನ ಎರಡನೆಯ ಸುಳ್ಳು ಕೂಗು ಅದು.

ಅವನ ಎಡ ಅಂಗೈಯಲ್ಲಿ ಇಟ್ಟೆ. ಅವನು ನೋಡಿದ. ತುಂಬ ಹೊತ್ತು ನೋಡಿದ.

‘ಬಟ್ಟಿ?’ ಎಂದ.

‘ಬಟ್ಟಿ ಸಿಗಲಿಲ್ಲ. ಗಾಳಿಗೆ ಹೋತೋ ಏನೋ.’

ತಲೆಯೆತ್ತಿ ನನ್ನ ಮುಖ ನೋಡಿದ. ನಾನು ಮಾಸ್ತರ ಕಡೆ ನೋಡಿದೆ. ಮಾಸ್ತರು ಕಣ್ಣೊರೆಸಿಕೊಳ್ಳುತ್ತಿದ್ದರು. ಗೆಳೆಯ ಲಿಂಗವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಕೈ ಚಾಚಿದ. ನಾನು ನೀರಿನ ತಂಬಿಗೆ ಕೊಟ್ಟೆ. ಕುಡಿದ. ಕುಡಿದು, ಉಳಿದದ್ದನ್ನು ನನಗೆ ಚಾಚಿ, ‘ನೀನೂ ಕುಡಿಲೇ’ ಎಂದ. ನನ್ನ ಪಕ್ಕೆಯಲ್ಲಿ ಖಾಲಿ ಕರಡಿಗೆ. ಕುಡಿಯಬಾರದು. ಕುಡಿಯದಿದ್ದರೆ ಗೊತ್ತಾಗುತ್ತದೆ. ಕುಡಿದೆ.

ಕಂಪ್ಲಿಗೆ ಮರಳಿದ ಮೇಲೆ ದಿನಗಳು ಹೇಗೆ ಹೋದವೋ. ಬೆಳಗಿನ ಪೂಜೆಗೆ ಎಲ್ಲರೂ ಸಾಲಾಗಿ ಕೂರುವ ಮನೆ ನಮ್ಮದು. ಮೊದಲ ದಿನ ತಲೆನೋವು ಎಂದೆ. ಎರಡನೆಯ ದಿನ ಹೊಳೆಗೆ ಹೋಗಿ ಒಂದು ಕರಿ ಹರಳು ಆರಿಸಿ ತಂದು, ದೀಪದ ಕಾಡಿಗೆ ಸವರಿ, ಕರಡಿಗೆಗೆ ಹಾಕಿಕೊಂಡೆ. ಅಂಗೈಯ ಮೇಲೆ ಆ ಹರಳಿಟ್ಟುಕೊಂಡು ಅವ್ವನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ಮುಚ್ಚಿದ ಕಣ್ಣಿನೊಳಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಅದೂ ಕಲ್ಲು, ಇದೂ ಕಲ್ಲು ಎಂದು ಒಂದು ದಿನ ಧೈರ್ಯ ತಂದುಕೊಳ್ಳುತ್ತಿದ್ದೆ. ಮರುದಿನ, ಹಾಗಾದರೆ ಗೆಳೆಯ ಯಾಕೆ ಸಾಯಲು ಕೂತಿದ್ದ ಎನ್ನಿಸುತ್ತಿತ್ತು. ಪಾಪ ಮಾಡಿದೆನೋ, ಪ್ರಾಣ ಉಳಿಸಿದೆನೋ, ಅಥವಾ ನನ್ನ ತಪ್ಪನ್ನು ಮುಚ್ಚಿಕೊಂಡೆನೋ? ಮೂರೂ ನಿಜವಾಗಿರಲು ಸಾಧ್ಯವೇ? ಯಾರನ್ನು ಕೇಳುವುದು? ಊಟ ರುಚಿಸಲಿಲ್ಲ. ನಾಲ್ಕು ಶನಿವಾರ ಹೊಸಪೇಟೆಗೆ ಹೋಗಲಿಲ್ಲ. ಅಣ್ಣ, ‘ಬುದ್ಧಿ ಬಂತು’ ಎಂದು ಖುಷಿಪಟ್ಟ.

ಐದನೆಯ ಶನಿವಾರ ಗೆಳೆಯನೇ ಗಿರಣಿಗೆ ಬಂದ. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ನನ್ನನ್ನು ತೌಡಿನ ಕೋಣೆಯ ಹಿಂದೆ ಕರೆದುಕೊಂಡು ಹೋಗಿ ಚೀಲಗಳ ಮೇಲೆ ಕೂತ. ಎದೆಯ ಮೇಲೆ ಅವನ ಕರಡಿಗೆ ಇತ್ತು. ಅಂಗಿಯ ಒಳಗಿನಿಂದ ಬೇರೊಂದು ಬಿಳಿ ಬಟ್ಟೆಯ ಗಂಟು ತೆಗೆದು ನನ್ನ ಕೈಗಿಟ್ಟ. ಬಿಚ್ಚುವ ಮೊದಲೇ ಅದರ ತೂಕ ನನ್ನ ಅಂಗೈಗೆ ಗೊತ್ತಾಯಿತು.

‘ನಿಂದು ತಗೋ. ಬರ್ತಿ ಬರ್ತಿ ಅಂತ ತಿಂಗಳು ಕಾದೆ’ ಎಂದ.

ಗಂಟನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದೆ, ‘ಯಾವಾಗ ಗೊತ್ತಾತು?’

‘ಅಂಗೈಯಾಗ ಇಟ್ಟ ಕೂಡ್ಲೇ. ಹನ್ನೆರಡು ವರ್ಷ ದಿನಾ ನೋಡಿದ್ದು ಗೊತ್ತಾಗಂಗಿಲ್ಲೇನಲೇ?’

‘ಗೊತ್ತಿದ್ದೂ ನೀರು ಕುಡದಿ?’

‘ನಿನ್ನ ಮಾರಿ ನೋಡಿದೆ. ನಾ ಕುಡೀದಿದ್ರ ನೀನೂ ಅಲ್ಲೇ ಕುಂತು ಸಾಯೋನ ಇದ್ದಿ.’

ಗುಡ್ಡದಿಂದ ಬಂದ ಮರುದಿನವೇ ಅವನು ಮಠಕ್ಕೆ ಹೋಗಿ ಅಯ್ಯನವರ ಮುಂದೆ ಕೈಮುಗಿದು, ಲಿಂಗ ಕಳೆದು ನೀರು ಕುಡಿದೆ ಎಂದು ಒಪ್ಪಿಕೊಂಡಿದ್ದ. ಅವರು ಬೈದರಂತೆ, ಮೂರು ದಿನ ಉಪವಾಸ ಇರಿಸಿದರಂತೆ, ಹೊಸ ಲಿಂಗ ಕಟ್ಟಿದರಂತೆ. ನನ್ನ ಸುದ್ದಿಯನ್ನು ಮಾತ್ರ ಅವನು ಅಲ್ಲಿ ತೆಗೆಯಲಿಲ್ಲವಂತೆ. ತನ್ನ ಜೀವಕ್ಕಾಗಿ ಮುರಿಯದ ನೇಮವನ್ನು ನನಗಾಗಿ ಮುರಿದಿದ್ದ. ಅದನ್ನು ಅವನು ಬಟ್ಟೆಯ ದರ ಹೇಳುವವನಂತೆ ಹೇಳಿ ಮುಗಿಸಿದ. ನನಗೆ ಅವಮಾನವಾಯಿತು, ಪ್ರೀತಿ ಉಕ್ಕಿತು, ಜೊತೆಗೆ ಅವನ ಮೇಲೆ ಸಿಟ್ಟೂ ಬಂತು. ತಿಂಗಳಿಡೀ ನಾನು ಹರಳಿಗೆ ಕೈಮುಗಿಯುವಾಗ ಇವನು ಎಲ್ಲ ತಿಳಿದು ಸುಮ್ಮನಿದ್ದನಲ್ಲ ಎಂದು. ಆದರೆ ಹೇಳಬೇಕಾದ ಮುಖ್ಯ ಮಾತು ಇನ್ನೂ ನನ್ನ ಹೊಟ್ಟೆಯಲ್ಲೇ ಇತ್ತು. ಆಗ ಹೇಳದಿದ್ದರೆ ಎಂದೂ ಹೇಳುತ್ತಿರಲಿಲ್ಲ.

‘ಇನ್ನೊಂದು ಐತಿ’ ಎಂದೆ. ‘ಅವತ್ತು ನಾ ಬೀಳ್ತಿರಲಿಲ್ಲ. ಕಾಲು ಗಟ್ಟಿ ಕಲ್ಲಿನ ಮ್ಯಾಲೆ ಇತ್ತು. ಸುಳ್ಳ ಕೂಗಿದೆ.’

ಅವನು ತೌಡಿನ ಧೂಳನ್ನು ಮೊಣಕಾಲಿನಿಂದ ಕೊಡವಿದ. ‘ನನಗ ಕಾಣ್ತಿತ್ತು’ ಎಂದ.

‘ಏನು?’

‘ನಿನ್ನ ಕಾಲು. ಮ್ಯಾಲಿಂದ ಚಂದ ಕಾಣ್ತಿತ್ತು.’

ಎಂಜಿನ್ ನಿಂತಿತು. ಅಣ್ಣ ಎಲ್ಲಿಂದಲೋ ನನ್ನನ್ನು ಕರೆಯುತ್ತಿದ್ದ. ನಾನು ಗೆಳೆಯನ ತೋಳು ಹಿಡಿದು ಜಗ್ಗಿದೆ.

‘ಕಾಲು ಗಟ್ಟಿ ಇದ್ದದ್ದು ಕಾಣ್ತಿತ್ತಂದ್ರ ಮತ್ತ ರುಮಾಲು ಯಾಕ ಬಿಚ್ಚಿದಿ?’

ಅವನು ನನ್ನನ್ನು ನೋಡಿದ. ಇಷ್ಟೂ ತಿಳಿಯದೇ ಎನ್ನುವ ಮುಖ.

‘ನೀ ಕೂಗಿದ್ಯಲ್ಲ’ ಎಂದ.